ಹಿರಿಯರ ಬಾಳು ಹಾಳೆಗೆ ಇಳಿಯಲಿ



ನದಿಮೂಲ, ಋಷಿಮೂಲ ಹುಡುಕಬಾರದು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಹುಟ್ಟನ್ನು ಕೆದಕಿ ಮನುಷ್ಯನ ಯೋಗ್ಯತೆಯನ್ನು ಅಳೆಯಬಾರದು ಎಂಬುದು ಅದರ ತಾತ್ಪರ್ಯ. ಶರಣರೂ ಕುಲದ ಹೆಮ್ಮೆಯನ್ನು ಒಪ್ಪಲಿಲ್ಲ. ಕಾಯಕದಿಂದ ಮನುಷ್ಯನನ್ನು ಗುರುತಿಸಿದರು. ಆದರೆ ಇದನ್ನೇ ನೆಪ ಮಾಡಿಕೊಂಡು ಹೆತ್ತವರ ಬದುಕನ್ನೂ ಅವರನ್ನು ಹೆತ್ತವರ ಬದುಕನ್ನೂ ಮರೆತುಬಿಡುವುದು ಧರ್ಮವೆನಿಸದು. ಕುಲದ ಹೆಮ್ಮೆ ಬೇರೆ, ಹಿರಿಯರ ಋಣದ ಅರಿವು ಬೇರೆ. ಹೆಮ್ಮೆಯು ಅಹಂಕಾರವನ್ನು ಬೆಳೆಸುತ್ತದೆ, ಋಣದ ಅರಿವು ಅದನ್ನು ಕರಗಿಸುತ್ತದೆ.

ಮಗುವಿಗೆ ಹೆಸರಿಡಿಸಲು ಶ್ರೀಮಠಕ್ಕೆ ಬರುವ ತರುಣ ದಂಪತಿಗಳಿಗೆ, "ನಿಮ್ಮ ಮನೆಯ ಮುತ್ತಜ್ಜಿಯ ಹೆಸರೇನಪ್ಪಾ?" ಎಂದು ನಾವು ಕೇಳುವುದುಂಟು. ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಅತ್ತೆಯ ಮುಖ ನೋಡುತ್ತಾಳೆ. ಹೊಲದ ಸರ್ವೆ ನಂಬರು ಬಾಯಿಪಾಠವಾಗಿರುತ್ತದೆ. ಆ ಹೊಲದ ಕಲ್ಲು ಆಯ್ದು ಹಸನು ಮಾಡಿದವರ ಹೆಸರು ಗೊತ್ತಿರುವುದಿಲ್ಲ. ಉತಾರದಲ್ಲಿ ಆಸ್ತಿ ಉಳಿಯಿತು, ಆಸ್ತಿ ಮಾಡಿದವರ ಬೆವರು ಮರೆಯಾಯಿತು.

ಈ ಮರೆವನ್ನು ತಡೆಯಲು ನಮ್ಮ ನಾಡು ಹಿಂದೆಯೇ ಒಂದು ವ್ಯವಸ್ಥೆ ಮಾಡಿಕೊಂಡಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ತಲೆಮಾರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಕಡತಕ್ಕೆ ಸೇರಿಸಿಕೊಳ್ಳುತ್ತಿದ್ದರು. ಮನೆಯವರು ಕೊಟ್ಟ ಕಾಳುಕಡಿ, ಬಟ್ಟೆ ಪಡೆದು ಮುಂದಿನ ಊರಿಗೆ ಸಾಗುತ್ತಿದ್ದರು. ಈಗ ಅವರ ಮಕ್ಕಳಲ್ಲಿ ಅನೇಕರು ಬೇರೆ ಉದ್ಯೋಗ ಹಿಡಿದಿದ್ದಾರೆ. ಹೆಳವರು ಬಾಗಿಲಿಗೆ ಬಂದರೆ ಭಿಕ್ಷುಕರೆಂದು ತಿಳಿದು ಸಾಗಹಾಕಬೇಡಿ. ಕೂಡ್ರಿಸಿ, ಕೇಳಿ, ಬರೆದುಕೊಳ್ಳಿ. ಆದರೆ ಅವರು ಕೊಡುವುದು ಹೆಚ್ಚಾಗಿ ಹೆಸರುಗಳ ಸಾಲು. ಆ ಹೆಸರಿನವರು ಏನು ಉಂಡರು, ಏನು ನೊಂದರು ಎಂಬುದನ್ನು ಮನೆಯವರೇ ಬರೆದಿಡಬೇಕು.

ಬರೆದಿಟ್ಟಿದ್ದರ ಬೆಲೆ ವಚನಗಳನ್ನು ಬಲ್ಲ ನಮಗೆ ಗೊತ್ತಿರಬೇಕು. ಎಷ್ಟೋ ಮನೆಗಳಲ್ಲಿ ತಾಡೋಲೆಗಳು ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಅಂತಹ ಓಲೆಗಳನ್ನು ಹುಡುಕಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಯಾರೋ ಅಂದು ಓಲೆಯ ಮೇಲೆ ಬರೆದಿದ್ದರಿಂದ, ಇನ್ನಾರೋ ಅದನ್ನು ಕಾಪಾಡಿದ್ದರಿಂದ, ಮತ್ತೊಬ್ಬರು ಅಚ್ಚು ಹಾಕಿಸಿದ್ದರಿಂದ ಆ ಮಾತು ನಮಗೆ ದಕ್ಕಿತು. ಬರೆಯದೆ ಹೋದ ಅನುಭವವೆಷ್ಟೋ ಮಣ್ಣುಗೂಡಿತು.

ನಮ್ಮ ಮನೆಯಲ್ಲಿ ಬರೆಯುವಂಥದ್ದೇನಿದೆ, ನಾವೇನು ಅರಸು ಮನೆತನದವರೇ ಎಂದು ಹಿರಿಯರು ಸಂಕೋಚಪಡುತ್ತಾರೆ. ಯೋಚಿಸಿ ನೋಡಿ. 1948ರ ಸೆಪ್ಟೆಂಬರ್ 17ಕ್ಕೆ ಮುನ್ನ ರಜಾಕಾರರ ಹೆದರಿಕೆಗೆ ರಾತ್ರೋರಾತ್ರಿ ಊರು ಬಿಟ್ಟವರ ಮಕ್ಕಳು ನಿಮ್ಮಲ್ಲಿದ್ದಾರೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಗಾಗಿ ಹೊಲಮನೆ ನೀರಿಗೆ ಕೊಟ್ಟವರಿದ್ದಾರೆ. 1972ರ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ ತಾಯಂದಿರಿದ್ದಾರೆ. 1974ರ ಭೂಸುಧಾರಣೆಯಲ್ಲಿ ಭೂಮಿ ಪಡೆದವರೂ ಇದ್ದಾರೆ, ಕಳೆದುಕೊಂಡವರೂ ಇದ್ದಾರೆ. ಸರಕಾರದ ಕಾಗದದಲ್ಲಿ ಎಕರೆ, ಗುಂಟೆ, ರೂಪಾಯಿಗಳ ಲೆಕ್ಕ ಸಿಗುತ್ತದೆ. ಮುಳುಗುವ ಮನೆಯ ಹೊಸ್ತಿಲಿಗೆ ಕೊನೆಯ ಸಲ ಕುಂಕುಮ ಹಚ್ಚಿದ ತಾಯಿಯ ಸಂಕಟ ಎಲ್ಲಿ ಸಿಗುತ್ತದೆ?

ಆದುದರಿಂದ ತರುಣರೇ, ಒಂದು ನೋಟ್ ಬುಕ್ ಹಿಡಿದು ಅಜ್ಜ ಅಜ್ಜಿಯರ ಬಳಿ ಕೂಡ್ರಿ. "ನಿಮ್ಮ ಜೀವನ ಚರಿತ್ರೆ ಹೇಳಿರಿ" ಎಂದರೆ ಅವರ ಬಾಯಿ ಕಟ್ಟುತ್ತದೆ. "ಅವ್ವಾ, ನಿನ್ನ ತವರಮನೆಯ ಬಾವಿ ಎಲ್ಲಿತ್ತು? ಜೋಳ ತೀರಿದಾಗ ಏನು ಬೇಯಿಸುತ್ತಿದ್ದೆ?" ಎಂದು ಕೇಳಿ, ಮಾತು ತಾನಾಗಿ ಹರಿಯುತ್ತದೆ. ಇಸವಿ ನೆನಪಿಲ್ಲದವರು ಸಂವತ್ಸರದ ಹೆಸರು ಹೇಳಬಲ್ಲರು. ಪರಿಧಾವಿಯಲ್ಲಿ ಲಗ್ನವಾಯಿತು ಎಂದರೆ 1972ರ ಯುಗಾದಿಯಿಂದ 1973ರ ಯುಗಾದಿಯವರೆಗಿನ ಕಾಲ ಎಂದು ತಿಳಿಯಿರಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ವಯಸ್ಸನ್ನು ನೋಡಿ ಲೆಕ್ಕ ಹಾಕಬೇಕು. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ, ಒಳ್ಳೆಯದೇ; ಆದರೆ ಯಂತ್ರ ಕೆಟ್ಟರೆ ಮಾತೂ ಹೋಯಿತು. ಹಾಳೆಯ ಮೇಲೂ ಬರೆಯಿರಿ. ಅವರ ಆಡುಮಾತನ್ನು ತಿದ್ದಬೇಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ಅಣ್ಣ ಒಂದು ರೀತಿ, ತಂಗಿ ಇನ್ನೊಂದು ರೀತಿ ಹೇಳಿದರೆ ಎರಡನ್ನೂ ಬರೆದು ಯಾರು ಹೇಳಿದ್ದೆಂದು ನಮೂದಿಸಿ.

ಹೆಣ್ಣುಮಕ್ಕಳನ್ನು ಮರೆಯಬೇಡಿ. ವಂಶಾವಳಿ ಗಂಡುಸಂತಾನದ ದಾರಿಯಲ್ಲೇ ನಡೆಯುತ್ತದೆ. ಹೊರಗಿನಿಂದ ಬಂದು ಮನೆ ಬೆಳಗಿದವಳ ಹೆಸರು ಎರಡು ತಲೆಮಾರಿನಲ್ಲಿ ಅಳಿಸಿಹೋಗುತ್ತದೆ. ಮನೆತನದ ಅರ್ಧ ಕಥೆ ಅವಳ ತವರಿನಲ್ಲಿದೆ.

ಹಿರಿಯರಲ್ಲಿಯೂ ನಮ್ಮದೊಂದು ಮಾತು. ಬರೀ ಬಡಿವಾರ ಹೇಳಬೇಡಿ. ಸಾಲ ಮಾಡಿದ್ದು, ಹಸಿದದ್ದು, ನೆರೆಯವರ ಸೇರು ಕಾಳಿನಿಂದ ಮಕ್ಕಳು ಬದುಕಿದ್ದು, ಇವನ್ನೂ ಹೇಳಿ. ಆ ನೆರೆಯವರು ಯಾವ ಜಾತಿಯವರೆಂಬುದನ್ನೂ ಮುಚ್ಚಿಡಬೇಡಿ. ಅದನ್ನು ಓದಿದ ಮೊಮ್ಮಗ ನಾಳೆ ಆ ಓಣಿಯವರನ್ನು ಕೀಳಾಗಿ ಕಾಣಲಾರ. ಹಳೆಯ ಬಾಂದಿನ ಜಗಳ, ದಾಯಾದಿ ದ್ವೇಷಗಳನ್ನು ಮತ್ತೆ ಹೊತ್ತಿಸಲು ಮಾತ್ರ ಈ ಪುಸ್ತಕ ಬಳಕೆಯಾಗದಿರಲಿ. ಒಬ್ಬರ ಮಾನ ಹೋಗುವ ಗುಟ್ಟನ್ನು ಬರೆಯದೆ ಬಿಡುವುದೂ ವಿವೇಕವೇ.

ಪ್ರತಿ ಅಮಾವಾಸ್ಯೆಯ ದಿನ ಎತ್ತು ಹೂಡದ ಹೊತ್ತಿನಲ್ಲಿ ಮನೆಮಂದಿ ಕೂಡಿ ಕುಳಿತು ಒಂದು ಪುಟ ಬರೆದರೂ ಸಾಕು, ವರ್ಷ ತುಂಬುವುದರೊಳಗೆ ಹಿರಿಯರ ಬಾಳು ಕೈಗೆ ಸಿಗುವ ಪುಸ್ತಕವಾಗುತ್ತದೆ. ಹಿರಿಯರು ಕಣ್ಮುಚ್ಚಿದ ಮೇಲೆ ಸಮಾಧಿಗೆ ಹೂವು ಏರಿಸುವುದು ಸುಲಭ. ಬದುಕಿರುವಾಗ ಅವರ ಮಾತಿಗೆ ಕಿವಿಗೊಡುವುದು ನಿಜವಾದ ಸೇವೆ. ಅಂತಹ ಸದ್ಬುದ್ಧಿ ಎಲ್ಲ ಮನೆಗಳಲ್ಲಿ ಮೂಡಲೆಂದು ಹಾರೈಸುತ್ತೇವೆ.