ರಾಜ್ಯೋತ್ಸವದ ದಿನ ಅಮೆರಿಕದ ಗಡಿಯಾರ

2026ರ ನವೆಂಬರ್ 1 ಭಾನುವಾರ. ರಾಜ್ಯೋತ್ಸವದ ದಿನವೇ ಅಮೆರಿಕದಲ್ಲಿ ಡೇಲೈಟ್ ಸೇವಿಂಗ್ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ರಾಯದುರ್ಗ, ಮಡಕಶಿರಾದಲ್ಲಿ ಸಂಜೆ 7ಕ್ಕೆ ಆನ್‌ಲೈನ್ ಕಾರ್ಯಕ್ರಮ ಇಟ್ಟರೆ ನ್ಯೂಜೆರ್ಸಿಯಲ್ಲಿ ಆಗ ಬೆಳಿಗ್ಗೆ 8.30. ಹಿಂದಿನ ದಿನದ ಲೆಕ್ಕ ಹಿಡಿದು 9.30ಕ್ಕೆ ಕೂತ ಮಕ್ಕಳ ಹಾಡಿನ ಸರದಿ ಮುಗಿದೇ ಹೋಗಿರುತ್ತದೆ. ಲಂಡನ್ನಿನಲ್ಲಿ ಈ ಬದಲಾವಣೆ ಅಕ್ಟೋಬರ್ 25ಕ್ಕೇ.

ಇದನ್ನು ನಿಲ್ಲಿಸಲು ಯುರೋಪಿನ ಸಂಸತ್ತು 2019ರಲ್ಲೇ ಮತ ಹಾಕಿತ್ತು. ಅಮೆರಿಕದ ಸೆನೆಟ್ 2022ರಲ್ಲಿ ಒಪ್ಪಿದ ಮಸೂದೆಯೂ ಕಾನೂನಾಗಲಿಲ್ಲ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಹಾಕಿಕೊಂಡವರಿಗೆ ಇನ್ನೊಂದು ತೊಡಕು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಉಬುಂಟು ಯುಟಿಸಿ ಎಂದು. ಉಬುಂಟುವಿನಿಂದ ವಿಂಡೋಸ್‌ಗೆ ಮರಳಿದರೆ ನಮ್ಮೂರಲ್ಲಿ ಐದೂವರೆ ಗಂಟೆ ಹಿಂದೆ! ಉಬುಂಟುವನ್ನೂ ಸ್ಥಳೀಯ ಸಮಯಕ್ಕೆ ತಂದರೆ ಇಲ್ಲಿಗೆ ಸಾಕು. ಅಮೆರಿಕದಲ್ಲಿ ಸಾಲದು, ಆ ಒಂದು ಗಂಟೆಯನ್ನು ಯಾವುದು ಸರಿಸಬೇಕೆಂಬ ಗೊಂದಲ ಉಳಿಯುತ್ತದೆ. ಅಲ್ಲಿರುವವರು ವಿಂಡೋಸ್ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬುದಕ್ಕೆ 1 ಕೊಟ್ಟು, ಎರಡನ್ನೂ ಯುಟಿಸಿಗೇ ಕಟ್ಟಿಹಾಕುವುದು ಮೇಲು.

ಆಹ್ವಾನದಲ್ಲಿ ಭಾರತದ ಸಮಯದ ಪಕ್ಕದಲ್ಲೇ ಅಲ್ಲಿನ ಸಮಯವನ್ನೂ ನವೆಂಬರ್ 1ರ ಲೆಕ್ಕದಲ್ಲಿ ಬರೆಯಿರಿ.