ಪದಪಟ್ಟಿಯೂ ಪೂರ್ವಪಕ್ಷವೂ

ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಇಂಜಿನಿಯರಿಂಗಿನ ಮೂರನೆಯ ವರ್ಷವನ್ನು ಮುಗಿಸುವ ಹೊತ್ತಿಗೆ ಮನೆಯ ಗೋಡೆಗಳ ಮೇಲೆ ಒಂದು ವಿಶಿಷ್ಟ ಬರಹ ಕಾಣಿಸಿಕೊಳ್ಳುತ್ತದೆ. ಕನ್ನಡಿಯ ಅಂಚಿನಲ್ಲಿ, ಫ್ರಿಜ್ಜಿನ ಬಾಗಿಲಿನ ಮೇಲೆ, ಓದುವ ಮೇಜಿನ ಎದುರಿಗೆ ಹಳದಿ ಚೀಟಿಗಳು. ಚೀಟಿಗೊಂದು ಇಂಗ್ಲಿಷ್ ಪದ, ಅದರ ಕೆಳಗೆ ಎರಡೇ ಮಾತಿನ ಅರ್ಥ. ಅಬೇಟ್, ಅಬೆರಂಟ್, ಅಬೇಯನ್ಸ್, ಅಬ್‌ಸ್ಕಾಂಡ್ ಎಂದು ಅಕಾರಾದಿಯಾಗಿ ಸಾಗುವ ಈ ಮೆರವಣಿಗೆಯೇ ಜಿಆರ್‌ಇ ಪರೀಕ್ಷೆಯ ಸಿದ್ಧತೆ ಎಂದು ನಮ್ಮಲ್ಲಿ ಬಹುಪಾಲು ಜನ ನಂಬಿದ್ದಾರೆ. ನಾವು ಇಂಗ್ಲಿಷ್ ಎಂ.ಎ. ಮಾಡಿದವರೆಂಬ ಒಂದೇ ಕಾರಣಕ್ಕೆ ಕಚೇರಿಯ ಸಹೋದ್ಯೋಗಿಗಳೂ ಸಂಘದ ಮಿತ್ರರೂ ತಮ್ಮ ಮಕ್ಕಳನ್ನು ನಮ್ಮ ಬಳಿಗೆ ಕಳುಹಿಸುತ್ತಾರೆ. ಬಂದ ಮಕ್ಕಳ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಒಟ್ಟು ಎಷ್ಟು ಪದಗಳನ್ನು ಕಲಿತರೆ ಸಾಕು?

ಈ ಪ್ರಶ್ನೆಯೇ ತಪ್ಪಾದ ಬಾಗಿಲನ್ನು ತಟ್ಟುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

ಆ ಪಟ್ಟಿಯ ಮೂರನೆಯ ಪದವನ್ನೇ ತೆಗೆದುಕೊಳ್ಳೋಣ. ಅಬೇಯನ್ಸ್ ಎಂಬ ಪದವನ್ನು ಮಗ ಚೀಟಿಯಲ್ಲಿ ಬರೆದು, ಮರೆತು, ಮತ್ತೆ ಬರೆದು ಕಲಿಯುತ್ತಿರುತ್ತಾನೆ. ಅದೇ ಮನೆಯಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಂದೆಗೆ ಆ ಪದ ಇಪ್ಪತ್ತು ವರ್ಷಗಳಿಂದ ಪರಿಚಿತ. ವರ್ಗಾವಣೆಯ ಆದೇಶವನ್ನು ಅಬೇಯನ್ಸ್‌ನಲ್ಲಿ ಇಡಲಾಗಿದೆ ಎಂಬ ಸುತ್ತೋಲೆಯನ್ನು ಓದಿ ನಿಟ್ಟುಸಿರು ಬಿಟ್ಟವರಿಗೆ ಆ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದೇಶ ರದ್ದಾಗಿಲ್ಲ, ಜಾರಿಯಲ್ಲೂ ಇಲ್ಲ, ಯಾವ ಗಳಿಗೆಯಲ್ಲಾದರೂ ಎದ್ದು ಬರಬಹುದು ಎಂಬ ಆ ಪದದ ಪೂರ್ತಿ ಇಂಗಿತ ಅವರಿಗೆ ಗೊತ್ತು. ಚೀಟಿಯ ಮೇಲಿನ ‘ತಾತ್ಕಾಲಿಕ ತಡೆ’ ಎಂಬ ಅರ್ಥದಲ್ಲಿ ಇದರ ಅರ್ಧವೂ ಇಲ್ಲ.

ಪರೀಕ್ಷೆಯೇನೋ ತನ್ನ ಮನಸ್ಸನ್ನು ಬಹಳ ಹಿಂದೆಯೇ ಬದಲಾಯಿಸಿಕೊಂಡಿದೆ. 1930ರ ದಶಕದಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಎಂಬ ನಾಲ್ಕು ವಿಶ್ವವಿದ್ಯಾಲಯಗಳ ಪ್ರಯೋಗವಾಗಿ ಹುಟ್ಟಿದ ಜಿಆರ್‌ಇ, ಮುಂದೆ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್‌ನ ಕೈಗೆ ಬಂತು. ಬಹುಕಾಲ ಅದರಲ್ಲಿ ವಿರುದ್ಧಪದಗಳ ಪ್ರಶ್ನೆಗಳೂ, ಒಂದು ಪದಜೋಡಿಗೆ ಸರಿಹೊಂದುವ ಇನ್ನೊಂದು ಜೋಡಿಯನ್ನು ಹುಡುಕುವ ಪ್ರಶ್ನೆಗಳೂ ಇದ್ದವು. ಅಂಥ ಪರೀಕ್ಷೆಗೆ ಬಾಯಿಪಾಠ ಒಪ್ಪುತ್ತಿತ್ತು. 2011ರಲ್ಲಿ ಆ ಎರಡು ಬಗೆಯ ಪ್ರಶ್ನೆಗಳನ್ನೂ ಕೈಬಿಡಲಾಯಿತು. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯನ್ನು ಎರಡು ಗಂಟೆಗೂ ಕಡಿಮೆ ಅವಧಿಗೆ ಇಳಿಸಿದ್ದಾರೆ. ಭಾಷಾ ವಿಭಾಗಕ್ಕೆ 41 ನಿಮಿಷ, 27 ಪ್ರಶ್ನೆ. ಇವುಗಳಲ್ಲಿ ಸುಮಾರು ಅರ್ಧ ಗದ್ಯಭಾಗವನ್ನು ಓದಿ ಉತ್ತರಿಸುವಂಥವು. ಉಳಿದವುಗಳಲ್ಲಿಯೂ ಪದವು ವಾಕ್ಯದ ಒಳಗೇ ಕುಳಿತಿರುತ್ತದೆ. ಆರು ಪದಗಳನ್ನು ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥವನ್ನು ತರುವ ಎರಡನ್ನು ಆರಿಸಿ ಎನ್ನುವ ಪ್ರಶ್ನೆ ಉಂಟು. ಆ ಆರರಲ್ಲಿ ಸಮಾನಾರ್ಥಕವಾಗಿದ್ದೂ ವಾಕ್ಯಕ್ಕೆ ಹೊಂದದ ಒಂದು ಜೋಡಿಯನ್ನು ಬೇಕೆಂದೇ ಇಟ್ಟಿರುವುದುಂಟು. ಅದು ಪಟ್ಟಿಯನ್ನು ಉರುಹೊಡೆದವನಿಗಾಗಿಯೇ ಹಾಸಿದ ಬಲೆ. (ಗಣಿತದ ವಿಭಾಗದ ಬಗ್ಗೆ ಇಲ್ಲಿ ಹೇಳಬೇಕಾದ್ದೇನೂ ಇಲ್ಲ. ಅದು ಪ್ರೌಢಶಾಲೆಯ ಗಣಿತ. ನಮ್ಮ ಮಕ್ಕಳು ಎಡವುವುದು ಅಲ್ಲಲ್ಲ.)

ಇನ್ನು ಪರಿಚಿತ ಪದಗಳ ಮೋಸ. ನಮ್ಮ ಕಡತಗಳಲ್ಲಿ ಸ್ಯಾಂಕ್ಷನ್ ಎಂದರೆ ಮಂಜೂರಾತಿ. ಅದೇ ಪದಕ್ಕೆ ದಂಡನೆ, ನಿರ್ಬಂಧ ಎಂಬ ಅರ್ಥವೂ ಇದೆ. ಕ್ವಾಲಿಫೈ ಎಂದರೆ ನಮ್ಮ ಮಕ್ಕಳಿಗೆ ತೇರ್ಗಡೆಯಾಗುವುದು. ಪರೀಕ್ಷೆಯ ಗದ್ಯದಲ್ಲಿ ಲೇಖಕನು ತನ್ನ ಹೇಳಿಕೆಯನ್ನು ಕ್ವಾಲಿಫೈ ಮಾಡುತ್ತಾನೆ ಎಂದರೆ ಅದಕ್ಕೊಂದು ಮಿತಿಯನ್ನು ಹಾಕಿಕೊಳ್ಳುತ್ತಾನೆ. ನಮ್ಮ ಸಂಸತ್ತಿನಲ್ಲಿ ವರದಿಯನ್ನು ಟೇಬಲ್ ಮಾಡಿದರೆ ಸದನದ ಮುಂದೆ ಇಟ್ಟಂತೆ. ಅಮೆರಿಕದಲ್ಲಿ ಪ್ರಸ್ತಾವವನ್ನು ಟೇಬಲ್ ಮಾಡಿದರೆ ಅದನ್ನು ಮುಂದೂಡಿದಂತೆ. ಇಂಥವನ್ನು ಪಟ್ಟಿಗಳು ಹೇಳುವುದು ಅಪರೂಪ. ಕಷ್ಟದ ಪದಗಳೆಂದು ಯಾರಿಗೂ ಅನ್ನಿಸುವುದಿಲ್ಲವಲ್ಲ!

ಆದರೆ ಪದಗಳಿಗಿಂತ ದೊಡ್ಡ ತೊಡಕು ಬೇರೆಯಿದೆ. ಜಿಆರ್‌ಇಯ ಗದ್ಯಭಾಗಗಳಿಗೆ ಒಂದು ನಡೆ ಇರುತ್ತದೆ. ಮೊದಲು, ವಿದ್ವಾಂಸರು ಇದುವರೆಗೆ ಹೀಗೆ ಭಾವಿಸಿದ್ದರು ಎಂಬ ಮಾತು. ಆಮೇಲೆ, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ ಎಂಬ ಒಪ್ಪಿಗೆ. ಬಳಿಕ ಒಂದು ‘ಆದರೆ’. ಒಂದು ಊರು ಯುದ್ಧದಿಂದ ಹಾಳಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಯುದ್ಧದ ಪಾಲು ಅಲ್ಪವೇನಲ್ಲ. ಆದರೆ ತೆರಿಗೆಯ ಲೆಕ್ಕಗಳನ್ನು ನೋಡಿದರೆ ಊರು ಯುದ್ಧಕ್ಕೆ ಮೊದಲೇ ಬಡವಾಗತೊಡಗಿತ್ತು – ಹೀಗೆ ಸಾಗುತ್ತದೆ ವಾದ. ಪ್ರಶ್ನೆ: ಲೇಖಕನು ಯಾವುದನ್ನು ಒಪ್ಪುತ್ತಾನೆ, ಎಷ್ಟರ ಮಟ್ಟಿಗೆ? ಬುದ್ಧಿವಂತ ಮಕ್ಕಳೂ ಮೊದಲ ವಾಕ್ಯವನ್ನೇ ಲೇಖಕನ ಮತವೆಂದು ಗುರುತುಹಾಕಿ ಬರುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಪದಗಳೆಲ್ಲ ಗೊತ್ತು, ಯಾರ ಮಾತು ಯಾವುದು ಎಂಬುದು ಗೊತ್ತಿಲ್ಲ.

ನಮ್ಮ ಶಾಸ್ತ್ರಗ್ರಂಥಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಅದನ್ನು ಪೂರ್ವಪಕ್ಷವೆಂದು ಕರೆದು, ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮ ಅದು. ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ತಿಳಿದವನು ಗ್ರಂಥವನ್ನೇ ತಲೆಕೆಳಗಾಗಿ ಓದಿದಂತೆ. ಈ ಪರೀಕ್ಷೆಯ ಇನ್ನೊಂದು ನೆಚ್ಚಿನ ಕೇಳಿಕೆ ‘ಇನ್‌ಫರೆನ್ಸ್’. ನ್ಯಾಯಶಾಸ್ತ್ರದಲ್ಲಿ ಅದರ ಹೆಸರು ಅನುಮಾನ. ಹೇಳಿದ್ದರಿಂದ ಹೇಳದೆ ಇದ್ದದ್ದನ್ನು, ಆಧಾರವಿರುವಷ್ಟು ಮಾತ್ರ, ತಿಳಿಯುವುದು. ಕನ್ನಡದ ದಿನಬಳಕೆಯಲ್ಲಿ ಆ ಪದ ಸಂದೇಹವಾಗಿ ಮಾರ್ಪಟ್ಟಿದೆ. ನಮ್ಮ ಮಕ್ಕಳೂ ಆ ಪ್ರಶ್ನೆಗಳನ್ನು ಎರಡನೆಯ ಅರ್ಥದಲ್ಲಿಯೇ ಬಿಡಿಸುತ್ತಾರೆಂದು ನಾವು ತಮಾಷೆ ಮಾಡುವುದುಂಟು.

ವಾದದ ಜಾಡನ್ನು ಹಿಡಿದು ಹತ್ತು ಪುಟ ನಡೆಯುವ ಈ ಶಕ್ತಿ ಇಂಗ್ಲಿಷಿನ ಸೊತ್ತಲ್ಲ, ಯಾವ ಒಂದು ಭಾಷೆಯ ಸೊತ್ತೂ ಅಲ್ಲ. ಎ.ಎನ್. ಮೂರ್ತಿರಾಯರ ‘ದೇವರು’ ಪುಸ್ತಕವನ್ನು ಓದಿದ ಹುಡುಗಿಗೆ, ದೇವರಿದ್ದಾನೆ ಎನ್ನುವವರ ವಾದಗಳನ್ನು ಗೌರವದಿಂದ ಎತ್ತಿಕೊಂಡು ತೂಗಿ ನೋಡುವುದು ಹೇಗೆಂಬುದು ತಿಳಿದಿರುತ್ತದೆ. ಆ ವಾದಗಳನ್ನು ಮೂರ್ತಿರಾಯರದೇ ಎಂದು ಆಕೆ ಎಂದೂ ಭ್ರಮಿಸಲಾರಳು. ಅವಳಿಗೆ ಇಂಗ್ಲಿಷ್ ಪದಗಳು ಕಡಿಮೆ ಬರುತ್ತಿರಬಹುದು. ಅದು ಮೂರು ತಿಂಗಳಲ್ಲಿ ತುಂಬಿಕೊಳ್ಳಬಹುದಾದ ಕೊರತೆ. ನರ್ಸರಿಯಿಂದ ಇಂಗ್ಲಿಷಿನಲ್ಲಿಯೇ ಕಲಿತು, ಯಾವ ಭಾಷೆಯಲ್ಲಿಯೂ ಒಂದು ಪುಸ್ತಕವನ್ನು ಕೊನೆಯವರೆಗೆ ಓದದ ಹುಡುಗನ ಕೊರತೆ ಮೂರು ತಿಂಗಳಿಗೆ ಬಗ್ಗುವಂಥದಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ರಾಯಚೂರಿನ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಹೈದರಾಬಾದಿಗೆ ಇಂಜಿನಿಯರಿಂಗಿಗೆಂದು ಬಂದ ಹುಡುಗನಿಗೆ ಆ ಪದಪಟ್ಟಿಯೇ ಏಣಿ. ಇಂಗ್ಲಿಷ್ ಪತ್ರಿಕೆ ಬರುವ, ಕಪಾಟಿನಲ್ಲಿ ಇಂಗ್ಲಿಷ್ ಕಾದಂಬರಿಗಳಿರುವ ಮನೆಯಲ್ಲಿ ಅವನು ಹುಟ್ಟಲಿಲ್ಲ. ಪರೀಕ್ಷೆಯ ಶುಲ್ಕವೇ ಇಪ್ಪತ್ತು ಸಾವಿರ ರೂಪಾಯಿಗಳನ್ನು ಮೀರುತ್ತದೆ. ಎರಡನೆಯ ಸಲ ಬರೆಯುವ ಸೌಕರ್ಯ ಅವನಿಗಿಲ್ಲ. ನಿಧಾನವಾಗಿ ಓದು, ರುಚಿಯನ್ನು ಬೆಳೆಸಿಕೋ ಎಂದು ಅವನಿಗೆ ಉಪದೇಶಿಸುವುದು ಉಳ್ಳವರ ಮಾತಾದೀತು. ಈ ಆಕ್ಷೇಪ ನ್ಯಾಯವಾದದ್ದು. ಅವನು ಪಟ್ಟಿಯನ್ನು ಹಿಡಿಯಲಿ. ಅವನನ್ನು ತಡೆಯುವ ಹಕ್ಕು ನಮಗಿಲ್ಲ. ನಮ್ಮ ಮಾತು ಹೆಚ್ಚಾಗಿ ಕಪಾಟು ಇದ್ದೂ ಅದನ್ನು ತೆರೆಯದ ಮನೆಗಳಿಗೆ ಸೇರಿದ್ದು.

ನಮ್ಮ ಹಿರಿಯರೂ ಅಮರಕೋಶವನ್ನು ಉರುಹೊಡೆಯಲಿಲ್ಲವೇ ಎಂದು ಒಬ್ಬ ಮಿತ್ರರು ಕೇಳಿದರು. ಹೊಡೆದರು, ನಿಜ. ಆದರೆ ಅಮರಸಿಂಹ ಪದಗಳನ್ನು ಅಕ್ಷರಕ್ರಮದಲ್ಲಿ ಸಾಲುಗಟ್ಟಿಸಲಿಲ್ಲ. ಸ್ವರ್ಗ, ಭೂಮಿ, ವನೌಷಧಿ, ಮನುಷ್ಯ ಎಂದು ವರ್ಗಗಳಲ್ಲಿ, ಅರ್ಥದ ನೆಂಟಸ್ತಿಕೆಯಂತೆ, ಶ್ಲೋಕದ ಲಯದಲ್ಲಿ ಕೂರಿಸಿದ. ಆ ಪಾಠದ ಬೆನ್ನಿಗೇ ಕಾವ್ಯದ ಓದು ಇರುತ್ತಿತ್ತು; ನಿನ್ನೆ ಕಲಿತ ಪದ ಇಂದು ರಘುವಂಶದಲ್ಲಿ ಎದುರಾಗುತ್ತಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆದು ನೋಡಿದರೂ ಅರ್ಥದ ಪಕ್ಕದಲ್ಲಿ ಕವಿಪ್ರಯೋಗಗಳು ಸಾಕ್ಷಿಗೆ ನಿಂತಿರುವುದು ಕಾಣುತ್ತದೆ. ಪದಕ್ಕೆ ವಾಕ್ಯವೇ ಮನೆ ಎಂಬುದನ್ನು ನಿಘಂಟುಕಾರರಷ್ಟು ಬಲ್ಲವರಿಲ್ಲ. ಆದುದರಿಂದ ಮಕ್ಕಳಿಗೆ ನಾವು ಹೇಳುವುದು ಇಷ್ಟೆ: ಪದವನ್ನು ಬರೆದುಕೊಳ್ಳುವುದಾದರೆ ಅದು ಎದುರಾದ ವಾಕ್ಯದೊಂದಿಗೆ ಬರೆದುಕೊಳ್ಳಿ. ಪಟ್ಟಿಯನ್ನು ಕೊನೆಯ ತಿಂಗಳಿಗೆ, ಮರೆತದ್ದನ್ನು ನೆನಪಿಸಿಕೊಳ್ಳಲು ಇಟ್ಟುಕೊಳ್ಳಿ.

ಪರೀಕ್ಷೆಯ ಪ್ರಬಂಧದ ಕಥೆಯೂ ಹೆಚ್ಚು ಭಿನ್ನವಲ್ಲ. ಮೂವತ್ತು ನಿಮಿಷ, ಒಂದು ವಿಷಯ. ವಿಷಯಗಳ ಇಡೀ ಭಂಡಾರವನ್ನು ಪರೀಕ್ಷೆ ನಡೆಸುವವರೇ ಮೊದಲೇ ಪ್ರಕಟಿಸಿದ್ದಾರೆ. ತರಬೇತಿ ಕೇಂದ್ರಗಳು ಅಚ್ಚು ತಯಾರಿಸಿ ಕೊಡುತ್ತವೆ. ಅಚ್ಚಿನೊಳಗೆ ಐನ್‌ಸ್ಟೈನ್, ಗಾಂಧಿ, ಸ್ಟೀವ್ ಜಾಬ್ಸ್ ಸರದಿಯಂತೆ ಬಂದು ಹೋಗುತ್ತಾರೆ. ಪ್ರಗತಿಯೂ ಪ್ರಕೃತಿಯೂ ಒಂದಕ್ಕೊಂದು ಎದುರಾಗುವ ವಿಷಯವನ್ನು ಕೊಟ್ಟಾಗ, ಕೈಗಾ ಅಣುಸ್ಥಾವರವನ್ನು ಇಳಿವಯಸ್ಸಿನಲ್ಲಿ ಎದುರಿಸಿ ನಿಂತ ಶಿವರಾಮ ಕಾರಂತರನ್ನೋ, 1983ರಲ್ಲಿ ಸಿರಸಿಯ ಸೀಮೆಯಲ್ಲಿ ಮರಗಳನ್ನು ಅಪ್ಪಿ ಹಿಡಿದ ಹಳ್ಳಿಗರನ್ನೋ ನೆನೆದ ಒಂದು ಪ್ರಬಂಧವನ್ನೂ ನಾವು ಇದುವರೆಗೆ ಕಂಡಿಲ್ಲ. ಪಶ್ಚಿಮಘಟ್ಟದ ಮಡಿಲಿನಿಂದ ಬಂದವರ ಮಕ್ಕಳೇ ಅವರು! ಉದಾಹರಣೆಗಳು ಮನೆಯಲ್ಲಿ ಇದ್ದುವು. ಯಾರೂ ಅವನ್ನು ಮಕ್ಕಳ ಕೈಗೆ ಕೊಟ್ಟಿರಲಿಲ್ಲ.

ನಮ್ಮ ಸಂಘಗಳ ಮಟ್ಟಿಗೆ ಇದು ಬರಿಯ ಪರೀಕ್ಷೆಯ ಸಂಗತಿಯಲ್ಲ. ಭಾನುವಾರದ ಕನ್ನಡ ತರಗತಿಯಿಂದ ಮಕ್ಕಳನ್ನು ಮೊದಲು ಬಿಡಿಸುವುದು ಹತ್ತನೆಯ ತರಗತಿ, ಮತ್ತೆ ಜೆಇಇ, ಕೊನೆಗೆ ಜಿಆರ್‌ಇ. ‘ಪರೀಕ್ಷೆಯೊಂದು ಮುಗಿಯಲಿ, ಆಮೇಲೆ ಕನ್ನಡ’ ಎನ್ನುತ್ತೇವೆ. ಪರೀಕ್ಷೆ ಮುಗಿದ ಮೇಲೆ ವಿಮಾನದ ಟಿಕೆಟ್ಟು. ಕನ್ನಡವನ್ನು ನಾವು ರದ್ದು ಮಾಡಿರುವುದಿಲ್ಲ, ಅಬೇಯನ್ಸ್‌ನಲ್ಲಿ ಇಟ್ಟಿರುತ್ತೇವೆ. ಆ ಕನ್ನಡದ ಓದೇ ಪರೀಕ್ಷೆಗೆ ಬೇಕಾಗಿದ್ದ ಕಸುವನ್ನು ಕೊಡಬಹುದಾಗಿತ್ತು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈಗಂತೂ ಪರೀಕ್ಷೆಯ ನೆಲವೇ ಅಲುಗಾಡುತ್ತಿದೆ. 2020ರ ಮಹಾಮಾರಿಯ ನಂತರ ಅಮೆರಿಕದ ಅನೇಕ ವಿಭಾಗಗಳು ಜಿಆರ್‌ಇಯನ್ನು ಐಚ್ಛಿಕಗೊಳಿಸಿವೆ, ಕೆಲವು ಕೇಳುವುದನ್ನೇ ಬಿಟ್ಟಿವೆ. ಸಾವಿರ ಚೀಟಿಗಳನ್ನು ಬರೆದು ಮುಗಿಸಿದ ಮೇಲೆ ತಾನು ಬಯಸಿದ ವಿಭಾಗಕ್ಕೆ ಅಂಕವೇ ಬೇಕಿಲ್ಲವೆಂದು ಮಗಳಿಗೆ ತಿಳಿದರೆ, ಆ ಸಿದ್ಧತೆಯಲ್ಲಿ ಉಳಿಯುವುದೇನು? ವಾಕ್ಯಗಳಿಲ್ಲದ ಚೀಟಿಗಳು. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಅವಳ ಮುಂದೆ ಬರುವುದು ಪ್ರಬಂಧಗಳು, ಅಧ್ಯಾಯಗಳು, ಒಬ್ಬರು ಇನ್ನೊಬ್ಬರನ್ನು ಖಂಡಿಸಿದ ಲೇಖನಗಳು.

ನಮ್ಮ ಕೂಟದ ಮಾಸಿಕ ಸಭೆಯ ಮೊದಲ ಒಂದು ಗಂಟೆಯನ್ನು ಈ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ನಮ್ಮ ಸೂಚನೆ. ಒಂದು ಇಂಗ್ಲಿಷ್ ಗದ್ಯಭಾಗ, ಒಂದು ಕನ್ನಡ ಗದ್ಯಭಾಗ. ಎರಡಕ್ಕೂ ಅವೇ ಪ್ರಶ್ನೆಗಳು – ಇದು ಯಾರ ಮಾತು, ಎಲ್ಲಿ ತಿರುಗಿತು, ಎಷ್ಟನ್ನು ಒಪ್ಪಿತು? ಕನ್ನಡ ಓದಲು ಬಾರದ ಮಕ್ಕಳಿಗೆ ನಾವು ಓದಿ ಹೇಳೋಣ. ಮೊದಲ ತಿಂಗಳಿಗೆ ಮೂರ್ತಿರಾಯರಿರಲಿ. ಚೀಟಿಗಳನ್ನು ತರುವವರು ತರಲಿ.