ಮನೆಯಲ್ಲಿ ಕಟ್ಟಿದ ಮೋಟಾರೂ ನಮ್ಮ ಕಾಯಿದೆಯೂ

ಮೋಟಾರು ಗಾಡಿಯೆಂಬುದು ದೊಡ್ಡ ಕಾರ್ಖಾನೆಯಲ್ಲಿಯೇ ಹುಟ್ಟತಕ್ಕ ವಸ್ತುವೆಂದೂ, ಸಾವಿರಾರು ಕೆಲಸಗಾರರೂ ಕೋಟ್ಯಂತರ ರೂಪಾಯಿ ಬಂಡವಾಳವೂ ಇಲ್ಲದೆ ಅದನ್ನು ನಿರ್ಮಿಸುವುದು ಆಗದ ಮಾತೆಂದೂ ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಈ ನಂಬಿಕೆಯು ಪೂರ್ತಿ ನಿಜವಲ್ಲವೆಂಬುದಕ್ಕೆ ಹಿಂದಿನ ಸೋವಿಯತ್ ರಷ್ಯಾದ ವೃತ್ತಾಂತವೊಂದು ಸಾಕ್ಷಿಯಾಗಿದೆ. ವಾಚಕರಿಗೆ ಅದು ಕುತೂಹಲವನ್ನುಂಟುಮಾಡೀತು. ಆದರೆ ಅದನ್ನು ಇಲ್ಲಿ ಬರೆಯುವುದಕ್ಕೆ ನಮಗೆ ಬೇರೊಂದು ಕಾರಣವುಂಟು. ನಮ್ಮ ಸಾರಿಗೆ ಇಲಾಖೆಯ ಅಧಿಕಾರಿಗಳು ನಿಧಾನವಾಗಿ ಕುಳಿತು ಆಲೋಚಿಸತಕ್ಕ ಸಂಗತಿ ಅದರಲ್ಲಿದೆ.

ಸೋವಿಯತ್ ಒಕ್ಕೂಟವು 1991ರಲ್ಲಿ ಅಳಿಯಿತು. ಅದು ಬಾಳಿದ ಕಾಲದಲ್ಲಿ ಕಾರ್ಖಾನೆಗಳೆಲ್ಲವೂ ಸರ್ಕಾರದ ಕೈಯಲ್ಲಿದ್ದುವು. ಸಾಮಾನ್ಯ ಗೃಹಸ್ಥನಿಗೆ ಕಾರು ಬೇಕಾದರೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಇಟಲಿಯ ಫಿಯಟ್ 124ರ ಮಾದರಿಯನ್ನನುಸರಿಸಿ 1970ರಲ್ಲಿ ತೊಲ್ಯಾತ್ತಿ ನಗರದ ಹೊಸ ಕಾರ್ಖಾನೆಯು ಗಾಡಿಗಳನ್ನು ಹೊರಗೆ ಬಿಡಲಾರಂಭಿಸಿದ ಮೇಲೂ ಆ ಸಾಲು ಕರಗಲಿಲ್ಲ. ಬಿಡಿಭಾಗಗಳ ಬರವಂತೂ ಎಷ್ಟಿತ್ತೆಂದರೆ, ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ ಹೋಗುವವರು ಮುಂಗಾಜಿನ ವೈಪರನ್ನು ಬಿಚ್ಚಿ ಸಂಗಡ ಕೊಂಡೊಯ್ಯುವುದು ವಾಡಿಕೆಯಾಗಿತ್ತು. ಬಿಟ್ಟುಹೋದರೆ ಹಿಂದಿರುಗುವಷ್ಟರಲ್ಲಿ ಕಳ್ಳರ ಪಾಲಾಗುವ ಭಯ. ಇನ್ನು ನೆಲಕ್ಕೆ ತಗ್ಗಿದ, ಹಗುರಾದ, ವೇಗಶಾಲಿಯಾದ ಸ್ಪೋರ್ಟ್ಸ್ ಕಾರೆಂಬುದು ಜನಸಾಮಾನ್ಯರಿಗೆ ಮಾರಾಟಕ್ಕೇ ಇರಲಿಲ್ಲ. ಹಣವಿಲ್ಲದವನಿಗೆ ಅದು ಸಿಕ್ಕದಿದ್ದುದು ಸಹಜ. ಅಲ್ಲಿ ಹಣವಿದ್ದವನಿಗೂ ಸಿಕ್ಕುತ್ತಿರಲಿಲ್ಲ.

ಇಂಥ ದೇಶದಲ್ಲಿ ಅನತೋಲಿ ಮತ್ತು ವ್ಲಾದಿಮಿರ್ ಶ್ಚೆರ್ಬಿನಿನ್ ಎಂಬ ಮಾಸ್ಕೋ ನಗರದ ಸಹೋದರರು ತಮಗೆ ಬೇಕಾದ ಸ್ಪೋರ್ಟ್ಸ್ ಕಾರನ್ನು ತಾವೇ ಕಟ್ಟಲು ಹೊರಟರು. ಇಬ್ಬರೂ ಚಿತ್ರಕಲೆಯಲ್ಲಿ ಶಿಕ್ಷಣ ಪಡೆದವರು. ಉಕ್ಕಿನ ಚೌಕಟ್ಟನ್ನು ಅಂಗಳದಲ್ಲಿ ಬೆಸೆದರು. ಗಾಡಿಯ ಮೈಯನ್ನು ಏಳನೆಯ ಅಂತಸ್ತಿನಲ್ಲಿದ್ದ ಮನೆಯೊಳಗೇ ಗಾಜಿನ ನಾರಿನ ಬಟ್ಟೆಯಿಂದಲೂ ರಾಳದಿಂದಲೂ ಪದರ ಪದರವಾಗಿ ಅಂಟಿಸಿ ಸಿದ್ಧಪಡಿಸಿದರು. ಸಿದ್ಧವಾದ ಮೈಯನ್ನು ಮೆಟ್ಟಿಲಲ್ಲಿ ಇಳಿಸುವುದು ಹೇಗೆ? ಕ್ರೇನನ್ನು ತರಿಸಿ ಹೊರಗಿನಿಂದಲೇ ನೆಲಕ್ಕಿಳಿಸಿದರು. ಹಳೆಯ ವೋಲ್ಗಾ ಕಾರಿನ ಇಂಜಿನನ್ನು ಕೂರಿಸಿ 1969ರಲ್ಲಿ ಗಾಡಿಯನ್ನು ರಸ್ತೆಗೆ ತಂದರು. ತಮ್ಮ ಮನೆತನದ ಹೆಸರಿನ ಮೊದಲಕ್ಷರವನ್ನು ಸೇರಿಸಿ ಜಿಟಿಶ್ಚ ಎಂದು ಅದಕ್ಕೆ ನಾಮಕರಣ ಮಾಡಿದರು. ಆ ರಾಳದ ನಾತವನ್ನು ಸಹಿಸಿಕೊಂಡ ಮನೆಯವರಿಗೂ ಈ ಕೀರ್ತಿಯಲ್ಲಿ ಪಾಲು ಸಲ್ಲತಕ್ಕದ್ದು.

ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಿದರೆ ಅದರ ಕಷ್ಟವೂ ಚಾತುರ್ಯವೂ ತಿಳಿದಾವು. ಕಾಗದದ ಮೇಲೆ ಸುಂದರವಾದ ಆಕಾರವನ್ನು ಬರೆದುಬಿಟ್ಟರೆ ಕಾರಾಗದು. ಮನೆಯಲ್ಲಿ ಮಾಡಲು ಶಕ್ಯವಾದ ಭಾಗ ಯಾವುದು, ಎಲ್ಲಿಂದಲಾದರೂ ತರಲೇಬೇಕಾದ ಭಾಗ ಯಾವುದು ಎಂಬುದನ್ನು ಮೊದಲು ವಿಂಗಡಿಸಿಕೊಳ್ಳಬೇಕು. ಚೌಕಟ್ಟನ್ನು ಬೆಸೆಯಬಹುದು, ಆಸನವನ್ನು ಹೊಲಿಯಬಹುದು, ಮೈಯನ್ನು ಅಚ್ಚಿನಲ್ಲಿ ಎರಕ ಹೊಯ್ದಂತೆ ತೆಗೆಯಬಹುದು. ಆದರೆ ಬಾಗಿದ ಮುಂಗಾಜನ್ನು ಯಾವ ಮನೆಯಲ್ಲಿ ಮಾಡಲಾದೀತು? ಎರಡು ಹಾಳೆಗಳ ನಡುವೆ ಪೊರೆಯಿಟ್ಟು, ಕಾಯಿಸಿ ಬಾಗಿಸಿ ಮಾಡುವ ಆ ಗಾಜಿಗೆ ಕಾರ್ಖಾನೆಯ ಕುಲುಮೆಯೇ ಬೇಕು. ಆದಕಾರಣ ಇಂಥ ಕೆಲಸದಲ್ಲಿ ಅನುಭವವುಳ್ಳವರು ಸಿಕ್ಕಬಹುದಾದ ಗಾಜನ್ನು ಮೊದಲು ಗೊತ್ತುಮಾಡಿಕೊಂಡು, ಅದರ ಬಾಗಿಗೆ ಹೊಂದುವಂತೆ ಮಿಕ್ಕ ಗಾಡಿಯನ್ನು ರೂಪಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಯ ಬಾಗಿಲು ಚೌಕಟ್ಟು ಅಗ್ಗಕ್ಕೆ ದೊರೆತರೆ ಅದರ ಅಳತೆಗೆ ಗೋಡೆಯನ್ನೆಬ್ಬಿಸುವವರಿಲ್ಲವೆ? ಇದೂ ಅದೇ ಉಪಾಯ.

ಇಂಜಿನು, ಗೇರುಪೆಟ್ಟಿಗೆ, ಸ್ಟೀರಿಂಗು, ಬ್ರೇಕು, ಗಾಲಿಗಳ ಗುಂಬ ಇವುಗಳದ್ದು ಬೇರೆ ಮಾತು. ಇವನ್ನು ಒಂದೇ ಜಾತಿಯ ಹಳೆಯ ಕಾರಿನಿಂದ ಇಡಿಯಾಗಿ ತೆಗೆದುಕೊಳ್ಳುವುದು ವಿವೇಕ. ಏಕೆಂದರೆ ಒಂದು ಕಾರಿನ ಬ್ರೇಕು ಅದರ ಭಾರಕ್ಕೆ ಅಳೆದು ಮಾಡಿದ್ದು. ಅದಕ್ಕಿಂತ ಹಗುರಾದ ಗಾಡಿಯಲ್ಲಿಟ್ಟರೆ ಅದು ಧಾರಾಳವಾಗಿ ಸಾಕಾದೀತು. ಆದರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಭಾರದ ಹಂಚಿಕೆ ಬದಲಾದಲ್ಲಿ ಹಿಂದಿನ ಗಾಲಿಗಳು ಮೊದಲೇ ಬಿಗಿದು ಗಾಡಿಯು ತಿರುಗಿಬೀಳುವ ಅಪಾಯವುಂಟು. ಸ್ಟೀರಿಂಗಿನ ದಂಡಕ್ಕೆ ಮನೆಯ ಬೆಸುಗೆ ಹಾಕುವುದಂತೂ ಆತ್ಮಹತ್ಯಕ್ಕೆ ಸಮಾನ. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಆದರೂ ಇಂಥ ಗಾಡಿಯನ್ನು ಪರೀಕ್ಷಿಸುವ ಅಧಿಕಾರಿಯು ಮೊದಲು ಎಲ್ಲಿ ಕಣ್ಣಿಡಬೇಕೆಂಬುದು ಇಷ್ಟರಿಂದಲೇ ಗೊತ್ತಾಗುವಂತಿದೆ.

ಶ್ಚೆರ್ಬಿನಿನ್ ಸಹೋದರರ ದಾರಿಯಲ್ಲಿ ಇತರರೂ ನಡೆದರು. ಅವರ ಜೊತೆಯಲ್ಲಿದ್ದ ಯೂರಿ ಅಲ್ಗೆಬ್ರಾಯಿಸ್ಟೋವ್ ಎಂಬಾತನು ತನ್ನ ಹೆಸರನ್ನೂ ಪತ್ನಿ ನತಾಲ್ಯಾಳ ಹೆಸರನ್ನೂ ಕೂಡಿಸಿ ಯೂನಾ ಎಂದು ಕರೆದ ಕಾರನ್ನು ಹಲವು ವರ್ಷಗಳ ದುಡಿಮೆಯ ನಂತರ 1982ರಲ್ಲಿ ರಸ್ತೆಗಿಳಿಸಿದನು. ಉತ್ತರದ ಕೋಮಿ ಪ್ರಾಂತದ ಉಖ್ತಾ ಊರಿನ ಅಲೆಕ್ಸಾಂದರ್ ಕುಲೀಗಿನ್ ಕಟ್ಟಿದ ಪಂಗೋಲಿನಾ ಎಂಬ ಕಾರಿಗೆ ಬಾಗಿಲುಗಳೇ ಇರಲಿಲ್ಲ; ಮೇಲಿನ ಮುಚ್ಚಳವೇ ಏಳುತ್ತಿತ್ತು. ದೀಪಗಳು ಮೂಗಿನ ನಡುವೆ ಒಂದೇ ಗುಂಪಾಗಿ ಅಡಗಿದ್ದು ಬೇಕಾದಾಗ ತಲೆಯೆತ್ತುತ್ತಿದ್ದುವು. ಇಷ್ಟೆಲ್ಲ ವೈಭವದ ಒಳಗೆ ಇದ್ದುದು ಬೀದಿಯಲ್ಲಿ ಎಲ್ಲರೂ ಕಾಣುತ್ತಿದ್ದ ಲಾಡಾ ಗಾಡಿಯ ಇಂಜಿನೇ. ಲೆನಿನ್‌ಗ್ರಾಡಿನ ದ್ಮಿತ್ರಿ ಪರ್ಫ್ಯೋನೊವ್ ಮತ್ತು ಗೆನ್ನಾದಿ ಖಾಯಿನೊವ್ ಎಂಬ ಮಿತ್ರರು ಮಾಡಿದ ಲಾರಾ ಎಂಬ ಕಾರಿನಲ್ಲಿ ಶಕ್ತಿಯು ಮುಂದಿನ ಗಾಲಿಗಳಿಗೆ ಹೋಗುತ್ತಿತ್ತು. ಅಂದಿನ ರಷ್ಯಾದ ಬಹುಪಾಲು ಕಾರುಗಳಲ್ಲಿ ಈ ಏರ್ಪಾಡಿರಲಿಲ್ಲ.

ಇಷ್ಟೇ ಆಗಿದ್ದರೆ ಇದು ಕೆಲವರ ಹವ್ಯಾಸದ ಕಥೆಯಾಗಿ ಮುಗಿಯುತ್ತಿತ್ತು. ನಮಗೆ ಮುಖ್ಯವಾಗಿ ತೋರುವುದು ಅಲ್ಲಿನ ಸರ್ಕಾರವು ನಡೆದುಕೊಂಡ ರೀತಿ. ಖಾಸಗಿ ಕಾರ್ಖಾನೆಯನ್ನು ಕಂಡರಾಗದ, ಪ್ರಜೆಯ ಪ್ರತಿಯೊಂದು ಹೆಜ್ಜೆಯ ಮೇಲೂ ಕಣ್ಣಿಟ್ಟಿದ್ದ ಆ ಸರ್ಕಾರವು ಮನೆಯಲ್ಲಿ ಕಟ್ಟಿದ ಕಾರಿಗೆ ಮಾತ್ರ ಒಂದು ಬಾಗಿಲನ್ನು ತೆರೆದಿಟ್ಟಿತು. ಇಂಥ ಗಾಡಿಗಳು ಹೇಗಿರಬೇಕೆಂದು ತಾಂತ್ರಿಕ ನಿಬಂಧನೆಗಳನ್ನು ಬರೆದು ಪ್ರಕಟಿಸಿತು. ಕಟ್ಟಿದವನು ಭಾಗಗಳನ್ನು ನ್ಯಾಯವಾಗಿ ಕೊಂಡಿದ್ದಕ್ಕೆ ರಸೀದಿಗಳನ್ನು ತೋರಿಸಬೇಕು. ಸಂಚಾರ ಪೊಲೀಸರು ಗಾಡಿಯನ್ನು ಪರೀಕ್ಷಿಸಬೇಕು. ಸರಿಯಿದ್ದರೆ ನಂಬರು ಫಲಕ ಕೊಡಬೇಕು. ಯುವಜನರಿಗಾಗಿ ಹೊರಡುತ್ತಿದ್ದ ಟೆಖ್ನಿಕಾ ಮೊಲೊದ್ಯೋಜಿ ಎಂಬ ಯಂತ್ರವಿದ್ಯಾ ಪತ್ರಿಕೆಯು ಇಂಥ ಕಾರುಗಳ ಪ್ರದರ್ಶನಗಳನ್ನೂ ಯಾತ್ರೆಗಳನ್ನೂ ಏರ್ಪಡಿಸಿತು. ದೂರದರ್ಶನದಲ್ಲಿ ಅವುಗಳನ್ನೂ ತೋರಿಸುವ ಒಂದು ಕಾರ್ಯಕ್ರಮವಿತ್ತು. ಲಾರಾ ಕಾರನ್ನು ಕಟ್ಟಿದ ಮಿತ್ರರಿಬ್ಬರಿಗೆ ಮೋಟಾರು ಸಂಶೋಧನ ಸಂಸ್ಥೆಯು ಕೊನೆಗೆ ಪ್ರಯೋಗಾಲಯವನ್ನೇ ವಹಿಸಿಕೊಟ್ಟಿತು. ಸ್ವಾತಂತ್ರ್ಯದ ಮೇಲಣ ಪ್ರೇಮದಿಂದ ಆ ಸರ್ಕಾರವು ಹೀಗೆ ಮಾಡಿತೆಂದು ನಾವು ಭ್ರಮಿಸುವುದಿಲ್ಲ. ಸಂಬಳವಿಲ್ಲದೆ ಕಲಿಯುವ ಯಂತ್ರಜ್ಞರು ಕಂಡಾಗ ಅವರನ್ನು ಉಪಯೋಗಿಸಿಕೊಳ್ಳುವ ಬುದ್ಧಿ ಅದಕ್ಕಿತ್ತು, ಅಷ್ಟೆ.

ಪೂರ್ವ ಜರ್ಮನಿಯಲ್ಲಿಯೂ ಇದೇ ಬಗೆಯ ಸಂಗತಿ ನಡೆಯಿತು. ಡ್ರೆಸ್ಡೆನ್ ನಗರದಲ್ಲಿ ಡ್ರೈವಿಂಗ್ ಶಾಲೆಯನ್ನು ನಡೆಸುತ್ತಿದ್ದ ಪಂದ್ಯಗಾರ ಹೈನ್ಸ್ ಮೆಲ್ಕುಸ್ ಎಂಬಾತನು ವಾರ್ಟ್‌ಬುರ್ಗ್ ಕಾರಿನ ಮೂರು ಸಿಲಿಂಡರಿನ 992 ಸಿ.ಸಿ. ಇಂಜಿನನ್ನು ಆಸನಗಳ ಹಿಂದಕ್ಕೆ ಕೂರಿಸಿ, 1969ರಲ್ಲಿ ಆರ್.ಎಸ್. 1000 ಎಂಬ ಸ್ಪೋರ್ಟ್ಸ್ ಕಾರನ್ನು ತೋರಿಸಿದನು. ಮುಂದಿನ ಹತ್ತು ವರ್ಷಗಳಲ್ಲಿ ಅವನ ಪುಟ್ಟ ಕಾರ್ಯಾಗಾರದಿಂದ ಹೊರಬಿದ್ದವು ಸುಮಾರು ನೂರು ಕಾರುಗಳು. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೊಸ ಕಾರುಗಳು ರಫ್ತಿಗೆ ಹೋಗಿ ಸ್ವದೇಶದವರಿಗೆ ದುರ್ಲಭವಾಗಿದ್ದಾಗ, ಕಾಲಿನ್ ಚಾಪ್‌ಮನ್ ಎಂಬ ತರುಣನು ಹಳೆಯ ಆಸ್ಟಿನ್ 7 ಗಾಡಿಯೊಂದನ್ನು ಬಿಚ್ಚಿ 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದನು. ಜಗತ್ಪ್ರಸಿದ್ಧವಾದ ಲೋಟಸ್ ಸಂಸ್ಥೆಯ ಮೂಲ ಅದು. ಆ ದೇಶದಲ್ಲಿ ಇಂದಿಗೂ ಮನೆಯಲ್ಲಿ ಕಟ್ಟಿದ ಒಂಟಿ ಕಾರನ್ನು ಸರ್ಕಾರದ ಪರೀಕ್ಷಕರು ಅಳೆದು ತೂಗಿ, ಬ್ರೇಕು ಹೊಗೆ ದೀಪಗಳನ್ನು ನೋಡಿ, ಮೈಯ ಹೊರಗೆ ಚೂಪಾದ ಅಂಚುಗಳಿವೆಯೇ ಎಂಬುದನ್ನು ಸಹ ಪರಿಶೀಲಿಸಿ, ತೇರ್ಗಡೆಯಾದರೆ ರಸ್ತೆಗೆ ಬಿಡುತ್ತಾರೆ.

ಈಗ ನಮ್ಮ ದೇಶಕ್ಕೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ವಿಧಿಸಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯು ಕಾಯಿದೆಗೆ ವಿರುದ್ಧವಾದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನೋ, ಆರು ತಿಂಗಳವರೆಗಿನ ಸೆರೆವಾಸವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಬಹುದೆಂದಿತು. ಹೊಸದಾಗಿ ಗಾಡಿಯನ್ನು ಮಾಡುವವನಾದರೋ, ಕೇಂದ್ರದ ನಿಯಮಗಳ ಪ್ರಕಾರ, ಮಾದರಿಯೊಂದನ್ನು ಪುಣೆಯಂಥ ಕಡೆಯ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಅನುಮೋದನೆ ಪಡೆಯಬೇಕು. ಲಕ್ಷ ಗಾಡಿಗಳನ್ನು ಮಾರುವ ಕಂಪನಿಗೆ ಇದು ಭಾರವಲ್ಲ. ತನ್ನ ಕೊಟ್ಟಿಗೆಯಲ್ಲಿ ಒಂದೇ ಒಂದು ಕಾರನ್ನು ತನಗಾಗಿ ಕಟ್ಟಿಕೊಳ್ಳುವವನನ್ನು ಈ ನಿಯಮಗಳು ಮನಸ್ಸಿನಲ್ಲಿಟ್ಟುಕೊಂಡಂತೆಯೇ ಕಾಣುವುದಿಲ್ಲ.

ಇದರ ಫಲವೇನೆಂಬುದನ್ನು ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯಲ್ಲಿ ಕಂಡೆವು. ಅಲ್ಲಿಯ ಹಳ್ಳಿಯೊಂದರ ಕುಶಲಕರ್ಮಿಯು ಗುಜರಿ ಸಾಮಾನುಗಳಿಂದ, ಕಾಲಿನಿಂದ ಒದ್ದು ಹೊರಡಿಸುವ ಪುಟ್ಟ ಜೀಪೊಂದನ್ನು ಸುಮಾರು 60 ಸಾವಿರ ರೂಪಾಯಿ ವೆಚ್ಚದಲ್ಲಿ ಕಟ್ಟಿದ್ದನು. 2021ರ ಡಿಸೆಂಬರಿನಲ್ಲಿ ಅದರ ಚಲಚ್ಚಿತ್ರವನ್ನು ಕಂಡ ಉದ್ಯಮಿ ಆನಂದ್ ಮಹೀಂದ್ರಾ ಅವರು ಕೊಂಡಾಡಿ, ಇದು ನಿಯಮಕ್ಕೆ ಹೊಂದದ್ದರಿಂದ ಅಧಿಕಾರಿಗಳು ಎಂದಾದರೊಂದು ದಿನ ತಡೆದಾರೆಂದು ಹೇಳಿ, ಅದಕ್ಕೆ ಬದಲಾಗಿ ತಮ್ಮ ಕಂಪನಿಯ ಬೊಲೆರೊ ಗಾಡಿಯನ್ನು ಕೊಟ್ಟರು. ಉದ್ಯಮಿಯು ಔದಾರ್ಯವನ್ನೇ ತೋರಿದರು, ಅದರಲ್ಲಿ ಸಂದೇಹವಿಲ್ಲ. ಆದರೆ ಕಟ್ಟಿದವನು ತನ್ನ ಕೈಯ ಗಾಡಿಯನ್ನು ಬಿಟ್ಟು ಕಾರ್ಖಾನೆಯ ಗಾಡಿಯನ್ನು ಹತ್ತಿದನು. ಸೋವಿಯತ್ ಪ್ರಜೆಗೆ ದೊರೆತ ನಂಬರು ಫಲಕದ ಹಾದಿ ಇವನ ಮುಂದೆ ತೆರೆದಿರಲಿಲ್ಲ.

ಹಾಗೆಂದು ನಮ್ಮಲ್ಲಿ ಭಾಗಗಳಿಗೆ ಬರವಿದೆಯೆ? ಅಂಬಾಸಿಡರಿಗೂ ಫಿಯಟ್ಟಿಗೂ ನಮ್ಮ ಹಿರಿಯರು ವರ್ಷಗಟ್ಟಲೆ ಕಾದ ಕಾಲ ಹೋಯಿತು. ಬೆಂಗಳೂರಿನ ಪೀಣ್ಯದಲ್ಲಿ ಚಿತ್ರವನ್ನು ಕೈಗಿತ್ತರೆ ಬೇಕಾದ ಭಾಗವನ್ನು ಕಡೆದು ಕೊಡುವ ಲೇತು ಅಂಗಡಿಗಳುಂಟು. ನಮ್ಮ ಮುದ್ರಣಾಲಯದ ಹಳೆಯ ಟ್ರೆಡಲ್ ಯಂತ್ರದ ಹಲ್ಲುಗಾಲಿಯು ಮುರಿದಾಗ, ಮಾಡಿದ ಕಂಪನಿಯೇ ಲೋಕದಲ್ಲಿಲ್ಲದಿದ್ದರೂ, ಅಂಥ ಅಂಗಡಿಯೊಂದರ ಯಜಮಾನರು ಮುರಿದ ಚೂರುಗಳನ್ನು ಜೋಡಿಸಿ ಅಳತೆ ತೆಗೆದು ಎರಡೇ ದಿನಗಳಲ್ಲಿ ಹೊಸದನ್ನು ಕೊಟ್ಟರು. ಫೈಬರಿನ ಕೆಲಸದವರೂ ಎಲ್ಲ ದೊಡ್ಡ ಊರುಗಳಲ್ಲಿಯೂ ಇದ್ದಾರೆ. 2007ರಿಂದ ನಡೆಯುತ್ತಿರುವ ಬಾಹಾ ಮೊದಲಾದ ಸ್ಪರ್ಧೆಗಳಿಗಾಗಿ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಚೌಕಟ್ಟು ಬೆಸೆದು ಗಾಡಿ ಕಟ್ಟುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಆ ಗಾಡಿಗಳಿಗೆ ಸಾರ್ವಜನಿಕ ರಸ್ತೆಯಿಲ್ಲ. ರಷ್ಯನ್ನರಿಗೆ ಇಲ್ಲದಿದ್ದ ಸಾಮಗ್ರಿಯೆಲ್ಲ ನಮಗುಂಟು. ಅವರಿಗೆ ಇದ್ದ ಅನುಮತಿ ನಮಗಿಲ್ಲ.

ಅಧಿಕಾರಿಗಳ ಭಯವು ಬರಿಯ ಹಟವೆಂದು ನಾವು ಹೇಳೆವು. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1 ಲಕ್ಷ 68 ಸಾವಿರಕ್ಕೂ ಹೆಚ್ಚು ಜನರು ಸತ್ತರು. ಲಾರಿಗಳ ಮೈಯನ್ನು ಮನಬಂದಂತೆ ಹಿಗ್ಗಿಸಿ, ಕಿವಿ ಹರಿಯುವ ಹೊಗೆಗೊಳವೆಗಳನ್ನು ಸಿಕ್ಕಿಸಿ ತಿರುಗುವವರನ್ನು ದಿನವೂ ಕಾಣುವ ಇನ್‌ಸ್ಪೆಕ್ಟರರಿಗೆ ‘ಮನೆಯಲ್ಲಿ ಮಾಡಿದ ಕಾರು’ ಎಂಬ ಮಾತೇ ಸಿಟ್ಟು ಬರಿಸಿದರೆ ಆಶ್ಚರ್ಯವಿಲ್ಲ. ಕಳವಿನ ಗಾಡಿಗಳನ್ನು ಬಿಚ್ಚಿ ಹೊಸ ಹೆಸರಿನಲ್ಲಿ ಜೋಡಿಸುವ ಕಳ್ಳರಿಗೆ ಇದು ಅನುಕೂಲವಾದೀತೆಂಬ ಶಂಕೆಯೂ ಸಕಾರಣವಾದುದೇ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಚಿಕಿತ್ಸೆಯೆ? ಅನಿಲದ ಕಿಟ್ಟನ್ನು ಪರೀಕ್ಷಿಸಿ ಕಾರಿಗೆ ಅಳವಡಿಸಲು ಇದೇ ಕಾಯಿದೆಯು ಅವಕಾಶ ಕೊಟ್ಟಿದೆ. 50 ವರ್ಷ ದಾಟಿದ ಹಳೆಯ ಗಾಡಿಗಳಿಗೆಂದು 2021ರಲ್ಲಿ ಬೇರೆಯೇ ನೋಂದಣಿಯ ವರ್ಗವನ್ನು ಸರ್ಕಾರದವರು ನಿರ್ಮಿಸಿದ್ದಾರೆ. ಹಳೆಯದನ್ನು ಕಾಪಾಡುವವನಿಗೆ ದೊರೆತ ವಿಶೇಷ ವರ್ಗವು ಹೊಸದನ್ನು ಕಟ್ಟುವವನಿಗೆ ಏಕೆ ದೊರೆಯಬಾರದು?

ನಮ್ಮ ಸೂಚನೆಯು ಅತಿಯಾದುದೇನೂ ಅಲ್ಲ. ಒಬ್ಬನು ಇಷ್ಟು ವರ್ಷಗಳಿಗೊಂದೇ ಕಾರನ್ನು ಕಟ್ಟಬಹುದೆಂದೂ, ಗೊತ್ತುಪಡಿಸಿದ ಅವಧಿಯವರೆಗೆ ಅದನ್ನು ಮಾರಕೂಡದೆಂದೂ ನಿಯಮವಿರಲಿ. ಇಂಜಿನು, ಬ್ರೇಕು, ಸ್ಟೀರಿಂಗುಗಳು ಅನುಮೋದನೆ ಪಡೆದ ಕಾರಿನವೇ ಆಗಿರಲಿ. ಅವುಗಳ ರಸೀದಿಯೂ, ಆ ಕಾರಿನ ನೋಂದಣಿಯನ್ನು ರದ್ದುಪಡಿಸಿದ ಪತ್ರವೂ ಕಚೇರಿಗೆ ಒಪ್ಪಿಸಲ್ಪಡಲಿ. ಇದರಿಂದ ಕಳ್ಳರ ದಾರಿ ಕಟ್ಟಿದಂತಾಗುತ್ತದೆ. ಪರೀಕ್ಷೆಯು ಎರಡು ಸಲ ನಡೆಯಬೇಕು. ಮೊದಲನೆಯದು ಚೌಕಟ್ಟಿನ ಮೇಲೆ ಮೈಯನ್ನು ಹೊದಿಸುವ ಮುಂಚೆಯೇ ಆಗತಕ್ಕದ್ದು. ಬಣ್ಣ ಬಳಿದು ಮುಚ್ಚಿದ ಮೇಲೆ ಬೆಸುಗೆಯ ಗುಣವನ್ನು ಯಾವ ಅಧಿಕಾರಿಯೂ ಕಾಣಲಾರನು.

ಕಾಯಿದೆಯ ತಿದ್ದುಪಡಿಯು ಕೇಂದ್ರ ಸರ್ಕಾರದ ಕೈಯಲ್ಲಿದೆ, ನಿಜ. ಆದರೆ ಕರ್ನಾಟಕ ಸರ್ಕಾರದವರು ತಮ್ಮ ಸಾರಿಗೆ ಅಧಿಕಾರಿಗಳನ್ನೂ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರನ್ನೂ ಒಂದೆಡೆ ಕೂರಿಸಿ ನಿಬಂಧನೆಗಳ ಕರಡೊಂದನ್ನು ಸಿದ್ಧಪಡಿಸಿ ದೆಹಲಿಗೆ ಕಳುಹಿಸಲು ಯಾವ ಅಡ್ಡಿಯೂ ಇಲ್ಲ. ಆ ಸಭೆಗೆ ಪೀಣ್ಯದ ಲೇತು ಅಂಗಡಿಯವರಲ್ಲಿ ಒಬ್ಬಿಬ್ಬರನ್ನು ಕರೆಯುವುದೂ ಒಳ್ಳೆಯದು. ಪರೀಕ್ಷೆಯ ಶುಲ್ಕವನ್ನು ಗೊತ್ತುಮಾಡುವಾಗ ದೊಡ್ಡ ಕಂಪನಿಗಳ ಅಳತೆಗೋಲನ್ನು ಬದಿಗಿಟ್ಟು, ಸಂಬಳದಲ್ಲಿ ಉಳಿಸಿದ ಹಣದಿಂದ ಹಳೆಯ ಗೇರುಪೆಟ್ಟಿಗೆಯನ್ನು ಕೊಂಡು ತಂದವನು ತೆರಬಲ್ಲ ಮೊತ್ತವೆಷ್ಟೆಂಬುದನ್ನು ಅವರಿಂದಲೇ ಕೇಳಿ ತಿಳಿಯಬಹುದು.